ಪೀಣ್ಯದಲ್ಲಿ ಸಂಸ್ಕೃತ ತಿದ್ದೋಕೆ ಹೋಗಿ

ಸಂಸ್ಕೃತ ಪಾಠ ಅಂದ್ರೆ ಬರೀ ಆಕಳಿಕೆ ಅಂತ ಯಾರಾದ್ರೂ ಹೇಳಿದ್ರೆ ನನಗೆ ಮೈ ಉರಿಯುತ್ತೆ. ನಾನು ಪಾಠ ಮಾಡಿದಷ್ಟು ವರ್ಷವೂ ತಿಂಗಳಿಗೊಂದು ರಾಮಾಯಣ ಆಗ್ತಾನೇ ಇತ್ತು, ಅದೂ ಪುಸ್ತಕದ ಹೊರಗಡೆ. ಇದು ಎಪ್ಪತ್ತರ ದಶಕದ ಕೊನೆಯ ಮಾತು. ಪೀಣ್ಯದ ಕಡೆ ಒಂದು ಸರ್ಕಾರಿ ಕಾರ್ಖಾನೆ, ಪಕ್ಕದಲ್ಲಿ ಅದರ ಕ್ವಾರ್ಟರ್ಸು, ಕ್ವಾರ್ಟರ್ಸಿನ ಮಕ್ಕಳಿಗೆ ಅಂತ ನೌಕರರೇ ಒಂದು ಸಮಿತಿ ಮಾಡ್ಕೊಂಡು ನಡೆಸ್ತಿದ್ದ ಶಾಲೆ. ಅಲ್ಲಿಗೆ ನಾನು ವರ್ಷದ ನಡುವೆ, ಸಂಕ್ರಾಂತಿ ಹೊತ್ತಿಗೆ, ಸಂಸ್ಕೃತದ ಟೀಚರಾಗಿ ಬಂದೆ.

ಬಂದದ್ದು ಒಂದು ಕರಾರಿನ ಮೇಲೆ. ಕರಾರು ಶಾಲೆಯದ್ದಲ್ಲ, ನಮ್ಮಣ್ಣನದು. "ಎರಡು ವರ್ಷ ಪ್ರೊಬೇಷನ್ ಅಂತೀಯಲ್ಲ, ಕೆಲಸ ಕಾಯಂ ಆದ್ರೆ ಅಲ್ಲೇ ಇರು, ನಾನು ತುಟಿ ಪಿಟಕ್ ಅನ್ನಲ್ಲ. ಆಗ್ಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ವಾಪಸ್ ಬಂದು, ನಾನು ತೋರಿಸಿದ ಗಂಡಿಗೆ ಹೂಂ ಅನ್ಬೇಕು" ಅಂದಿದ್ದ. ನಮ್ಮಣ್ಣ ತೋರಿಸೋ ಗಂಡುಗಳ ಯೋಗ್ಯತೆ ನನಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಈ ಎರಡು ವರ್ಷ ಯಾರ ತಂಟೆಗೂ ಹೋಗದೆ, ತಲೆ ತಗ್ಗಿಸಿಕೊಂಡು ಪಾಠ ಮಾಡಿ ಕೆಲಸ ಉಳಿಸಿಕೊಳ್ಳಬೇಕು ಅಂತ ಗಟ್ಟಿ ಮನಸ್ಸು ಮಾಡಿದೆ. ಆ ಗಟ್ಟಿ ಮನಸ್ಸು ನಾಲ್ಕು ದಿನ ಬಾಳಿತು.

೧. ಪಾತ್ರೆ ತೊಳೆಯುವ ಹುಡುಗ

ಏಳನೇ ಕ್ಲಾಸಿನ ಅಭ್ಯಾಸ ಪುಸ್ತಕ ತೆಗೆದೆ. ಬಾಲಕಃ ಪುಸ್ತಕಂ ಪಠತಿ, ಅಂದ್ರೆ ಹುಡುಗ ಪುಸ್ತಕ ಓದುತ್ತಾನೆ. ಬಾಲಿಕಾ ಗೃಹಂ ಮಾರ್ಜಯತಿ, ಹುಡುಗಿ ಮನೆ ಗುಡಿಸುತ್ತಾಳೆ. ಹುಡುಗ ಚೆಂಡಾಡುತ್ತಾನೆ, ಹುಡುಗಿ ನೀರು ತರುತ್ತಾಳೆ. ಹುಡುಗ ಕುದುರೆ ಹತ್ತುತ್ತಾನೆ, ಹುಡುಗಿ ಅನ್ನ ಬೇಯಿಸುತ್ತಾಳೆ. ಪುಟ ತಿರುಗಿಸಿದಷ್ಟೂ ಇದೇ ಪಾಡು. ಆ ಹುಡುಗ ಒಂದು ಸಲವಾದ್ರೂ ತಿಂದ ತಟ್ಟೆ ಎತ್ತಿದ ಅನ್ನೋದು ಇಲ್ಲ.

ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಎದ್ದು ನಿಂತಳು. "ಮಿಸ್, ಈ ಹುಡುಗಿ ಸ್ಕೂಲಿಗೆ ಯಾವಾಗ ಬರ್ತಾಳೆ?"

ಆ ಹುಡುಗಿ ಶಾಲಾ ಸಮಿತಿಯ ಸೆಕ್ರೆಟರಿಯ ಮಗಳು ಅಂತ ನನಗಾಗ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಕೆಮ್ಮಿ ಮುಂದಿನ ಪಾಠಕ್ಕೆ ಹೋಗ್ಬಿಡ್ತಿದ್ದೆ. ಗೊತ್ತಿಲ್ಲದ್ದಕ್ಕೆ ನನಗೂ ನ್ಯಾಯ ಅನ್ನಿಸ್ತು. ಡಸ್ಟರ್ ತಗೊಂಡು ಎಲ್ಲಾ ಅಳಿಸಿ, ಹುಡುಗಿ ಕೈಗೆ ಪುಸ್ತಕ ಕೊಟ್ಟೆ, ಹುಡುಗನ ಕೈಗೆ ಪೊರಕೆ ಕೊಟ್ಟೆ. ಹೋಗ್ಲಿ ಅಂತ ಇನ್ನೊಂದು ಸೇರಿಸಿದೆ: ಬಾಲಕಃ ಪಾತ್ರಾಣಿ ಕ್ಷಾಲಯತಿ, ಹುಡುಗ ಪಾತ್ರೆ ತೊಳೆಯುತ್ತಾನೆ. "ಹತ್ತು ಸಲ ಓದ್ಕೊಂಡು ಬನ್ನಿ" ಅಂದೆ. ಹುಡುಗಿಯರು ಕಿಸಕ್ಕನೆ ನಕ್ಕರು, ಹುಡುಗರು ಮೂತಿ ಊದಿಸಿಕೊಂಡರು.

ಮೂರನೇ ದಿನ ಒಬ್ಬ ಹುಡುಗನ ತಾಯಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಸ್ಕೂಲಿಗೇ ಬಂದರು. ಮುಖ ನೋಡಿದ್ರೆ ಜಗಳಕ್ಕೇ ಬಂದ ಹಾಗಿತ್ತು.

"ಸಂಸ್ಕೃತದ ಮೇಡಂ ನೀವೇನಾ? ನಮ್ಮ ಹುಡುಗ ಮೂರು ದಿನದಿಂದ ಬೆಳಗೂ ಬೈಗೂ, ಪಾತ್ರೆ ತೊಳೆಯುತ್ತಾನೆ, ಪಾತ್ರೆ ತೊಳೆಯುತ್ತಾನೆ ಅಂತ ಒದರ್ತಾ ಇದ್ದಾನೆ ಕಣ್ರೀ."

"ತಪ್ಪಾಯ್ತೇನೋ ಅಮ್ಮಾ, ನಾಳೆಯಿಂದ..."

"ತಪ್ಪೇನೂ ಇಲ್ಲ. ಪಾತ್ರೆ ಎಲ್ಲಾ ಬಚ್ಚಲಲ್ಲಿ ಹಂಗೇ ಬಿದ್ದಿದೆ. ಒದರೋದು ಆಯ್ತು, ತೊಳೆಯೋದು ಯಾವ ಪಾಠದಲ್ಲಿ ಬರುತ್ತೆ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ."

೨. ರಿವರ್ಕಾ, ಸ್ಕ್ರ್ಯಾಪಾ?

ಆ ತಾಯಿ ಬಂದು ಹೋದ ಸುದ್ದಿ ಕ್ವಾರ್ಟರ್ಸೆಲ್ಲ ಸುತ್ತಿ ಸೆಕ್ರೆಟರಿ ಕಿವಿಗೆ ಬಿತ್ತು. ಈ ಸೆಕ್ರೆಟರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದವರು. ಅಂದ್ರೆ ಬೇರೆಯವರು ಮಾಡಿದ್ದನ್ನ ಅಳೆದು ನೋಡಿ ಸರಿಯಿಲ್ಲ ಅನ್ನೋದೇ ಅವರ ಉದ್ಯೋಗ. ಜೇಬಿನಲ್ಲಿ ಸದಾ ಒಂದು ಸ್ಟೀಲ್ ಸ್ಕೇಲು. ಸರ್ವೀಸಿನಲ್ಲಿ ಒಂದೇ ಒಂದು ಕೆಟ್ಟ ಐಟಂ ಪಾಸ್ ಮಾಡಿದವರಲ್ಲ, ಒಂದೇ ಒಂದು ಒಳ್ಳೇ ಐಟಂ ರಿಜೆಕ್ಟ್ ಮಾಡಿದವರೂ ಅಲ್ಲ ಅಂತ ಹೆಸರು. ನನ್ನ ಕೆಲಸ ಕಾಯಂ ಆಗೋದೂ ಅವರ ಸಹಿಯಿಂದಲೇ.

ನನ್ನನ್ನೂ ಹೆಡ್ ಮೇಷ್ಟ್ರನ್ನೂ ಎದುರಿಗೆ ನಿಲ್ಲಿಸಿಕೊಂಡರು. ಹೆಡ್ ಮೇಷ್ಟ್ರು ಲೆಕ್ಕದ ಮೇಷ್ಟ್ರು, ಸಂಸ್ಕೃತದ ಗಾಳಿಯೂ ಸೋಕಿದವರಲ್ಲ. ಪಾಪ, ಬಲು ಪುಕ್ಕಲು.

"ಪುಸ್ತಕದಲ್ಲಿ ಇಲ್ಲದ್ದು ಬೋರ್ಡಿನ ಮೇಲೆ ಹೇಗೆ ಬಂತು ಮೇಡಂ?" ಅಂದರು ಸೆಕ್ರೆಟರಿ.

"ಸ್ವಲ್ಪ ಬದಲಾಯಿಸಿದೆ ಸಾರ್. ಹೆಣ್ಣುಮಕ್ಕಳೂ ಓದ್ಲಿ ಅಂತ."

"ಓದ್ಲಿ, ಬೇಡ ಅಂದವರ್ಯಾರು? ನಮ್ಮ ಫ್ಯಾಕ್ಟರೀಲಿ ಡ್ರಾಯಿಂಗಿನಲ್ಲಿ ಒಂದು ತೂತನ್ನ ಕೂದಲೆಳೆಯಷ್ಟು ಜರುಗಿಸಬೇಕಾದ್ರೂ ಚೇಂಜ್ ನೋಟ್ ಬರೀಬೇಕು. ಮೇಲಿನವರು ಸಹಿ ಹಾಕ್ಬೇಕು. ನೀವು ಒಂದು ಡಸ್ಟರ್ ತಗೊಂಡು ಹಿಂದಿನಿಂದ ಬಂದ ಸಂಸ್ಕೃತಾನೇ ಅಳಿಸಿಬಿಟ್ರಲ್ಲಮ್ಮ!"

ಅವತ್ತಿನಿಂದ ಕಾರ್ಖಾನೆಯ ಚೇಂಜ್ ನೋಟ್ ಫಾರಂ ನಮ್ಮ ಶಾಲೆಗೂ ಬಂತು. ಬಿಳಿ, ಹಳದಿ, ಗುಲಾಬಿ, ಮೂರು ಪ್ರತಿ, ನಡುವೆ ಕಾರ್ಬನ್ನು. ಒಂದು ವಾಕ್ಯಕ್ಕೆ ಒಂದು ನೋಟು. ಈಗಿರುವ ವಾಕ್ಯ, ಆಗಬೇಕಾದ ವಾಕ್ಯ, ಕೆಳಗೆ ಕನ್ನಡದಲ್ಲಿ ಅರ್ಥ, ಬದಲಾವಣೆಗೆ ಕಾರಣ, ಪರಿಶೀಲಿಸಿದವರ ಸಹಿ. ಮೊದಲನೇ ನೋಟನ್ನ ಹೆಡ್ ಮೇಷ್ಟ್ರು ತುಂಬಿಕೊಟ್ಟರು. ಸೆಕ್ರೆಟರಿ ಸ್ಕೇಲಿಟ್ಟು ಒಂದೊಂದೇ ಸಾಲು ನೋಡ್ತಾ ಬಂದು, ಒಂದು ಕಡೆ ನಿಂತರು.

"ಹಳೇ ಸ್ಟಾಕ್ ಕಾಲಂ ಖಾಲಿ ಬಿಟ್ಟಿದ್ದೀರಲ್ರೀ?"

"ಯಾವ ಸ್ಟಾಕ್ ಸಾರ್?"

"ಹಳೇ ವಾಕ್ಯ ಕಲಿತು ಮುಂದಿನ ಕ್ಲಾಸಿಗೆ ಹೋಗಿರೋ ಮಕ್ಕಳು! ಅವರನ್ನೇನು ಮಾಡ್ತೀರಿ? ರಿವರ್ಕಾ, ಸ್ಕ್ರ್ಯಾಪಾ?"

ಹೆಡ್ ಮೇಷ್ಟ್ರು ಬೆವರೊರೆಸಿಕೊಂಡು, "ಸ್ಕ್ರ್ಯಾಪ್ ಬೇಡ ಸಾರ್, ಪೇರೆಂಟ್ಸು ಒಪ್ಪಲ್ಲ" ಅಂದರು.

ಕೊನೆಗೆ ಎಂಟು, ಒಂಬತ್ತನೇ ಕ್ಲಾಸಿನವರಿಗೆ ರಿವರ್ಕ್ ಅಂತ ಆಯ್ತು. ಅವರನ್ನ ಶನಿವಾರ ಶನಿವಾರ ಕೂರಿಸಿಕೊಂಡು ಹೊಸ ವಾಕ್ಯ ಬರೆಸಿದೆ. ಹತ್ತನೇ ಕ್ಲಾಸಿನವರಿಗೆ ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಿತ್ತು, ಟೈಮಿರಲಿಲ್ಲ. ಅವರ ಹೆಸರಿನ ಮುಂದೆ ಸೆಕ್ರೆಟರಿ "ದೋಷ ಇದ್ದರೂ ಇದ್ದ ಹಾಗೇ ಅಂಗೀಕರಿಸಿದೆ" ಅಂತ ಬರೆದು ಸಹಿ ಹಾಕಿದರು. ಆ ಬ್ಯಾಚಿನ ಗಂಡುಹುಡುಗರು ಈಗ ಎಲ್ಲೆಲ್ಲಿ ಸಂಸಾರ ಮಾಡ್ತಿದ್ದಾರೋ ಏನೋ. ಅವರ ಹೆಂಡತಿಯರು ಏನಾದ್ರೂ ಇದನ್ನ ಓದ್ತಾ ಇದ್ರೆ, ನನ್ನ ಮೇಲೆ ಸಿಟ್ಟಾಗಬೇಡಿ ತಾಯಿ, ದಾಖಲೆ ಇದೆ.

೩. ಜೊತೆಗೊಂದು ಅಜ್ಜಿ

ವಾಕ್ಯಕ್ಕೊಂದು ನೋಟು ಅಂದ್ರೆ ಸುಮ್ನೆ ಅಲ್ಲ. ಒಂದು ವರ್ಷಕ್ಕೆ ಸೆಕ್ರೆಟರಿಗೆ ಸಹಿ ಹಾಕಿ ಹಾಕಿ ಕೈ ಬಿದ್ದುಹೋಯ್ತು. ಇನ್ನೊಂದು ತಮಾಷೆ, ಕನ್ನಡದ ಅರ್ಥ ಓದಿ ಓದಿ ಅವರಿಗೆ ಸಂಸ್ಕೃತ ಬಂದುಬಿಡ್ತು. ಯಾರೂ ಹೇಳಿಕೊಡದೆ, ಬರೀ ಫಾರಂ ಓದಿ ಸಂಸ್ಕೃತ ಕಲಿತವರು ಭೂಮಿ ಮೇಲೆ ಅವರೊಬ್ಬರೇ ಇರಬೇಕು.

ಕೈನೋವು ತಡೀಲಾರದೆ ಅವರು ಸಮಿತಿಯಲ್ಲಿ ಒಂದು ಠರಾವು ತಂದರು. ಇನ್ನು ಮೇಲೆ ಎಲ್ಲಾ ವಾಕ್ಯದಲ್ಲೂ ಹುಡುಗ ಹುಡುಗಿ ಇಬ್ಬರೂ ಜೊತೆಯಲ್ಲೇ ಇರತಕ್ಕದ್ದು. ಒಂದೇ ನೋಟಿನಲ್ಲಿ ಇಬ್ಬರ ಕೆಲಸವೂ ಮುಗೀತು. ಸಮಾನತೆಗೆ ಸಮಾನತೆ, ಕಾಗದವೂ ಉಳೀತು.

ಹದಿನೈದು ದಿನವೂ ಆಗಿಲ್ಲ, ಪೇರೆಂಟ್ಸ್ ಗುಂಪುಕಟ್ಟಿಕೊಂಡು ಬಂದರು. ಅವರ ಮುಂದಾಳು ಒಬ್ಬರು ನೋಟ್‌ಬುಕ್ ತೆಗೆದು ನಮ್ಮ ಮುಂದೆ ಹಿಡಿದರು. "ಏನ್ರೀ ಇದು? ಹುಡುಗ ಹುಡುಗಿ ಪಾರ್ಕಿಗೆ ಹೋಗುತ್ತಾರೆ ಅಂತ ಬರೆಸಿದ್ದೀರಿ! ಯಾಕೆ ಹೋಗ್ತಾರೆ? ಪಾರ್ಕಲ್ಲಿ ಏನಿದೆ ಇವರಿಗೆ ಕೆಲಸ?"

"ಸುಮ್ನೆ ಒಂದು ವಾಕ್ಯ ಸಾರ್" ಅಂದೆ.

"ಮುಂದಿನ ವಾಕ್ಯ ನೋಡಿ. ಹುಡುಗ ಹುಡುಗಿ ಮರದ ಕೆಳಗೆ ಕೂರುತ್ತಾರೆ. ಹೋಗಿದ್ದೂ ಅಲ್ಲದೆ ಕೂತೂಬಿಟ್ರು!"

ಸೆಕ್ರೆಟರಿ ಮುಖ ಕಪ್ಪಿಟ್ಟಿತು. ಠರಾವು ಅವರದೇ, ಸಹಿ ಅವರದೇ. ನನ್ನನ್ನ ಅವರು ನೋಡಿದ ನೋಟದಲ್ಲಿ ನಮ್ಮಣ್ಣ ತೋರಿಸೋ ಗಂಡು ನನಗೆ ಸ್ಪಷ್ಟವಾಗಿ ಕಾಣಿಸಿದ.

ಆಗ ಕೈ ಎತ್ತಿದವರು ನಮ್ಮ ಸಮಿತಿಯ ಅಧ್ಯಕ್ಷರು. ಮಾದನಾಯಕನಹಳ್ಳಿ ಕಡೆಯ ಗೌಡರು, ಶಾಲೆಗೆ ಜಾಗ ಕೊಟ್ಟವರು. ದಪ್ಪ ಮೀಸೆ, ಹೆಗಲ ಮೇಲೆ ಟವೆಲ್ಲು. "ಅಲ್ರಪ್ಪಾ, ಇಷ್ಟಕ್ಕೆ ಯಾಕಿಂಗ್ ಕೂಗಾಡ್ತೀರಿ? ಐಕ್ಳು ಪಾರ್ಕಿಗೆ ವೋಗ್ಲಿ ಬುಡಿ. ಜತೀಗೊಂದು ಅಜ್ಜಿ ಕಳ್ಸುದ್ರೆ ಆಯ್ತು."

ಎಲ್ಲರಿಗೂ ಒಪ್ಪಿಗೆಯಾಯ್ತು. ಅವತ್ತಿನಿಂದ ನಮ್ಮ ಶಾಲೆಯ ಸಂಸ್ಕೃತದಲ್ಲಿ ಹುಡುಗ, ಹುಡುಗಿ ಮತ್ತು ಅಜ್ಜಿ ಒಟ್ಟಿಗೇ ಓಡಾಡತೊಡಗಿದರು. ಮೂವರೂ ಚೆಂಡಾಡಿದರು, ಮೂವರೂ ಹೊಳೆಯಲ್ಲಿ ಈಜಿದರು, ಮೂವರೂ ಮಾವಿನ ಮರ ಹತ್ತಿದರು. ಕುದುರೆ ಸವಾರಿಗೂ ಅಜ್ಜಿ ತಪ್ಪಿಸಿಕೊಳ್ಳಲಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ, ಸ್ವಂತವಾಗಿ ಮೂರು ವಾಕ್ಯ ಬರೆಯಿರಿ ಅಂತ ಕೇಳಿದ್ದೆ. ಒಬ್ಬ ಹುಡುಗ ಬರೆದಿದ್ದ: "ಅಜ್ಜಿಗೆ ಸುಸ್ತಾಗಿದೆ. ಅಜ್ಜಿ ಮನೆಯಲ್ಲಿ ಮಲಗುತ್ತಾಳೆ. ಹುಡುಗ ಹುಡುಗಿ ಪಾರ್ಕಿಗೆ ಹೋಗುತ್ತಾರೆ."

೪. ಅವಾಸ್ತವ

ಎರಡನೇ ವರ್ಷ ಮುಗೀತಾ ಬಂದಿತ್ತು. ಆ ವೇಳೆಗೆ ನನ್ನ ನೋಟುಗಳಲ್ಲಿ ಹೆಣ್ಣುಮಕ್ಕಳು ಕುದುರೆ ಹತ್ತಿದ್ದರು, ಬಾವಿ ತೋಡಿದ್ದರು, ರಾಜ್ಯ ಆಳಿದ್ದರು. ಒಂದಕ್ಕೂ ಸೆಕ್ರೆಟರಿ ಅಡ್ಡಿ ಮಾಡಿರಲಿಲ್ಲ. ಸರಿ, ದೊಡ್ಡವರ ಸರದಿ ಬರ್ಲಿ ಅಂತ ಒಂದು ಸಣ್ಣ ವಾಕ್ಯ ಕಳಿಸಿದೆ. ಪಿತಾ ಪಚತಿ. ಅಪ್ಪ ಅಡುಗೆ ಮಾಡುತ್ತಾನೆ.

ಮಾರನೇ ದಿನ ಕೂಗಿ ಕರೆಸಿದರು. ಕಿವಿ ಎರಡೂ ಕೆಂಪಗಾಗಿತ್ತು.

"ಇದೇನ್ರೀ ಇದು? ಅಪ್ಪ ಎಲ್ಲಾದ್ರೂ ಅಡುಗೆ ಮಾಡ್ತಾನಾ?"

"ಹೆಣ್ಣು ರಾಜ್ಯ ಆಳಬಹುದು ಅಂತ ಸಹಿ ಹಾಕಿದ್ದೀರಿ ಸಾರ್..."

"ಅದು ಬೇರೆ, ಇದು ಬೇರೆ! ಗಂಡಸು ಅಡುಗೆ ಮಾಡೋದು ಮದುವೆ ಮನೇಲಿ, ಇಲ್ಲ ಹೋಟ್ಲಲ್ಲಿ. ಸ್ವಂತ ಮನೇಲಿ ಯಾರ್ರೀ ಮಾಡ್ತಾರೆ? ಈ ಕ್ವಾರ್ಟರ್ಸಲ್ಲಿ ಒಬ್ಬನನ್ನ ತೋರಿಸಿ ನೋಡೋಣ!" ಅಂತ ಮೇಜು ಕುಟ್ಟಿದರು. ನೋಟಿನ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಡ್ಡ ಬರೆದರು: ಅವಾಸ್ತವ. ತಿರಸ್ಕರಿಸಿದೆ. "ಮುಂದಿನ ವಾರ ಸಮಿತಿ ನಿಮ್ಮ ಕ್ಲಾಸು ನೋಡೋಕೆ ಬರುತ್ತೆ. ಕನ್ಫರ್ಮೇಷನ್ ಅವತ್ತೇ ತೀರ್ಮಾನ. ನೆನಪಿರ್ಲಿ."

ಎರಡು ವರ್ಷದಲ್ಲಿ ಅವರು ತಿರಸ್ಕರಿಸಿದ್ದು ಇದೊಂದೇ. ರೂಮಿಗೆ ಬಂದ್ರೆ ಬಾಗಿಲ ಸಂದಿಯಲ್ಲಿ ನಮ್ಮಣ್ಣನ ಇನ್‌ಲ್ಯಾಂಡ್ ಲೆಟರ್ರು ಬಿದ್ದಿತ್ತು.

"ಚಿರಂಜೀವಿ ತಂಗಿಗೆ ಆಶೀರ್ವಾದಗಳು. ನಿನ್ನ ಎರಡು ವರ್ಷ ಮುಗಿಯುತ್ತಾ ಬಂತು. ಒಳ್ಳೆಯ ಕಡೆಯ ಒಂದು ಹುಡುಗನನ್ನು ನೋಡಿದ್ದೇನೆ. ಹುಡುಗನಿಗೆ ಕಾಫಿಪುಡಿ ಅಂಗಡಿ ಇದೆ. ಸೌಮ್ಯ ಸ್ವಭಾವ. ಎರಡನೇ ಸಂಬಂಧ ಎಂದು ನೀನು ಯೋಚಿಸಬೇಕಾಗಿಲ್ಲ, ಅಲ್ಲಿ ನಿನಗೆ ಬೇಸರವೇ ಆಗುವುದಿಲ್ಲ. ಹುಡುಗನ ದೊಡ್ಡ ಮಗಳು ಹೆಚ್ಚುಕಮ್ಮಿ ನಿನ್ನ ಓರಗೆಯವಳು."

೫. ಸ್ಯಾಂಪಲ್ ನಂಬರ್ ಮೂರು

ಸಮಿತಿ ನನ್ನ ಕ್ಲಾಸು ನೋಡೋಕೆ ಬರೋ ದಿನ ಬಂತು. ಒಂಬತ್ತನೇ ಕ್ಲಾಸು. ನಾನು ಬಂದಾಗ ಏಳನೇ ಕ್ಲಾಸಿನಲ್ಲಿದ್ದವೇ ಅವು. ಹಿಂದಿನ ಬೆಂಚಿನಲ್ಲಿ ಗೌಡರು, ಸೆಕ್ರೆಟರಿ, ಹೆಡ್ ಮೇಷ್ಟ್ರು ಕೂತರು. ಹೆಡ್ ಮೇಷ್ಟ್ರ ತೊಡೆಯ ಮೇಲೆ ಎರಡು ವರ್ಷದ ನೋಟಿನ ಫೈಲು, ಅದರ ಮೇಲೆ ನನ್ನ ಕನ್ಫರ್ಮೇಷನ್ ಕಾಗದ.

"ಯಾವ ಮಕ್ಕಳನ್ನ ಕೇಳಲಿ ಸಾರ್?" ಅಂದೆ.

"ನೀವು ಆರಿಸೋ ಹಾಗಿಲ್ಲ" ಅಂದರು ಸೆಕ್ರೆಟರಿ. "ಜಾಣರನ್ನೇ ಎಬ್ಬಿಸ್ತೀರಿ. ಸ್ಯಾಂಪಲ್ ತೆಗೆಯೋ ಕ್ರಮ ಇದೆ. ರೋಲ್ ನಂಬರ್ ಏಳು, ಹದಿನಾಲ್ಕು, ಇಪ್ಪತ್ತೊಂದು. ಮೂರರಲ್ಲಿ ಒಂದು ಫೇಲಾದ್ರೂ ಇಡೀ ಲಾಟು ವಾಪಸ್."

ಇಡೀ ಲಾಟು ಅಂದ್ರೆ ನಾನು. ಹಾಜರಿ ಪುಸ್ತಕ ನೋಡಿದೆ. ಇಪ್ಪತ್ತೊಂದನೇ ನಂಬರ್ ಅವರ ಮಗಳದೇ. ಅವರಿಗೆ ಗೊತ್ತಿರಲಿಲ್ಲ.

ಪ್ರಶ್ನೆ ಕೇಳಿದ್ದು ಗೌಡರು. "ಪುಸ್ತಕದ್ದು ಬ್ಯಾಡ ಕಣವ್ವಾ, ಅದ್ನ ಗಿಣೀನೂ ಏಳ್ತದೆ. ಬೆಳಗ್ಗೆದ್ದು ನಿಮ್ಮನೇಲಿ ಏನೇನ್ ನಡೀತದೆ, ಅದ್ನ ಏಳ್ಸಿ ಆ ಬಾಸೇಲಿ."

ಏಳನೇ ನಂಬರಿನವನು ಎದ್ದು, ಅಪ್ಪ ಸೈಕಲ್ ಒರೆಸುತ್ತಾನೆ, ಅಮ್ಮ ಹೂ ಕಟ್ಟುತ್ತಾಳೆ ಅಂದ. ಹದಿನಾಲ್ಕರವಳು, ನಲ್ಲಿಯಲ್ಲಿ ನೀರು ಬರುವುದಿಲ್ಲ, ಎಲ್ಲರೂ ಬೈಯುತ್ತಾರೆ ಅಂದಳು. ಎರಡೂ ಪಾಸು. ಇಪ್ಪತ್ತೊಂದು ಅಂದೆ. ಎರಡು ಜಡೆಯವಳು ಎದ್ದಳು. ಸೆಕ್ರೆಟರಿ ಬೆನ್ನು ನೆಟ್ಟಗಾಯ್ತು. ಬಾಯಿ ತೆರೆದರು, ಆದ್ರೆ ಸ್ಯಾಂಪಲ್ ಬದಲಾಯಿಸಿ ಅಂತ ಅವರ ಬಾಯಿಂದ ಹೇಗೆ ಬರುತ್ತೆ? ಮತ್ತೆ ಮುಚ್ಚಿದರು.

ಹುಡುಗಿ ಸಂಸ್ಕೃತದಲ್ಲಿ ನೀಟಾಗಿ, ಒಂದೂ ತಪ್ಪಿಲ್ಲದೆ ಹೇಳಿದಳು. ನಮ್ಮ ಅಮ್ಮ ಫಸ್ಟ್ ಶಿಫ್ಟಿಗೆ ಕಾರ್ಖಾನೆಗೆ ಹೋಗುತ್ತಾಳೆ. ನಮ್ಮ ಅಪ್ಪ ಅಡುಗೆಮನೆಯ ಕಿಟಕಿ ಮುಚ್ಚುತ್ತಾನೆ. ಕೊನೆಗೆ ಗಟ್ಟಿಯಾಗಿ, "ಮಮ ಪಿತಾ ಪಚತಿ."

ಇಡೀ ಕ್ಲಾಸು ಘೊಳ್ಳೆಂದಿತು. ಅರ್ಥ ಆಗದೇ ಇದ್ದದ್ದು ಗೌಡರಿಗೂ ಹೆಡ್ ಮೇಷ್ಟ್ರಿಗೂ ಮಾತ್ರ. ಸೆಕ್ರೆಟರಿಗೆ ಪ್ರತಿ ಅಕ್ಷರವೂ ಆಗಿತ್ತು, ಫಾರಂ ಓದಿ ಕಲಿತ ಸಂಸ್ಕೃತವಲ್ಲವೇ. ಕಿವಿ ಮತ್ತೆ ಕೆಂಪಗಾಯ್ತು. ಅಯ್ಯೋ, ಆವತ್ತು ಮೇಜು ಕುಟ್ಟಿದ್ದು ಸಿಟ್ಟಿಗಲ್ಲ, ನಾಚಿಕೆಗೆ ಅಂತ ನನಗೆ ಆಗ ಹೊಳೀತು.

"ಏನಂದ್ಲವ್ವಾ ಮಗಾ?" ಅಂದರು ಗೌಡರು.

ನಾನೇ ಅರ್ಥ ಹೇಳಿದೆ. "ಅವರಪ್ಪ ಬೆಳಿಗ್ಗೆ ಬೇಗ ಎದ್ದು ಮನೆಯವರಿಗೋಸ್ಕರ ತುಂಬಾ ಕಷ್ಟಪಡ್ತಾರೆ ಅಂದಳು ಗೌಡ್ರೆ." ಸುಳ್ಳಲ್ಲವಲ್ಲ.

ಅಲ್ಲಿಗೆ ಮುಗೀಬೇಕಿತ್ತು. ಆದ್ರೆ ಹೆಡ್ ಮೇಷ್ಟ್ರು ಜೀವನದಲ್ಲಿ ಮೊದಲ ಸಲ ಸ್ವಂತ ಬುದ್ಧಿಯಿಂದ ಒಂದು ಕೆಲಸ ಮಾಡಿದರು. ಫೈಲು ಬಿಚ್ಚಿ ಒಂದು ನೋಟು ಹೊರಗೆಳೆದು, "ಸಾರ್, ಸಾರ್, ಪಿತಾ ಪಚತಿ ಅಂದ ಹಾಗಾಯ್ತು. ಇದು ನೀವು ತಿರಸ್ಕರಿಸಿದ್ದಲ್ವಾ? ಅಪ್ಪ ಅಡುಗೆ ಮಾಡುತ್ತಾನೆ. ಅವಾಸ್ತವ ಅಂತ ಬರೆದಿದ್ದೀರಿ. ಹಾಗಾದ್ರೆ ಈ ಮಗು ಫೇಲಲ್ವಾ ಸಾರ್?" ಅಂದರು.

ಹುಡುಗಿ ಅಪ್ಪನನ್ನೇ ನೋಡ್ತಾ ನಿಂತಿದ್ದಳು. ಕಣ್ಣು ತುಂಬಿಕೊಂಡಿತ್ತು. "ನಾನು ಸುಳ್ಳು ಹೇಳಿಲ್ಲ ಅಪ್ಪಾ" ಅಂದಳು, ಕನ್ನಡದಲ್ಲಿ.

ಫೇಲ್ ಅಂದ್ರೆ ಮಗಳು ಸುಳ್ಳುಗಾತಿ, ನಾನು ಕಾಫಿಪುಡಿ ಅಂಗಡಿಗೆ. ಪಾಸ್ ಅಂದ್ರೆ ಕ್ವಾರ್ಟರ್ಸಿಗೆಲ್ಲ ಟಾಂಟಾಂ. ಸೆಕ್ರೆಟರಿ ಕೂತಲ್ಲೇ ಜೇಬಿನ ಸ್ಕೇಲು ಮುಟ್ಟಿ ಮುಟ್ಟಿ ನೋಡಿಕೊಂಡರು. ನಾನು ಮನಸ್ಸಿನಲ್ಲೇ ಟ್ರಂಕು ಕಟ್ಟೋಕೆ ಶುರುಮಾಡಿದ್ದೆ.

ಕೊನೆಗೆ ಅವರು ಹೆಡ್ ಮೇಷ್ಟ್ರ ಕೈಯಿಂದ ನೋಟು ಕಿತ್ತುಕೊಂಡರು. ಸ್ಕೇಲಿಟ್ಟು ನೇರವಾಗಿ ಅವಾಸ್ತವ ಅನ್ನೋದರ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ ಬರೆದದ್ದನ್ನ ನಾನು ಆಮೇಲೆ ಓದಿದೆ: "ಖುದ್ದಾಗಿ ಪರಿಶೀಲಿಸಿದೆ. ಸರಿಯಿದೆ." ಸಹಿ ಹಾಕಿದರು. ಅದೇ ಪೆನ್ನಿನಲ್ಲಿ, ಅದೇ ಬಿರುಸಿನಲ್ಲಿ, ನನ್ನ ಕನ್ಫರ್ಮೇಷನ್ ಕಾಗದಕ್ಕೂ ಸಹಿ ಹಾಕಿ ಗೌಡರ ಮುಂದೆ ತಳ್ಳಿದರು. ನನಗೆ ಅಳು ಬಂತು ಅಂತ ಹೇಳೋಕೆ ನಾಚಿಕೆಯಿಲ್ಲ.

"ಅಂಗಾರೆ ನೀವು ಮನೇಲಿ ಅಡ್ಗೆ ಮಾಡ್ತೀರಾ?" ಅಂದರು ಗೌಡರು, ಪೆನ್ನು ಹಿಡಿದುಕೊಂಡೇ.

"ಮಾಡ್ತೀನಿ" ಅಂದರು ಸೆಕ್ರೆಟರಿ, ಗೋಡೆ ನೋಡ್ತಾ. "ಅವಳು ಐದೂವರೆ ಬಸ್ಸಿಗೆ ಹೋಗ್ತಾಳೆ. ಇನ್ಯಾರು ಮಾಡ್ಬೇಕು?"

"ಪ್ರತಿ ದಿನ?"

"ಪ್ರತಿ ದಿನ."

ಗೌಡರು ಸಹಿ ಹಾಕಿದರು. ಟವೆಲ್ ಹೆಗಲಿಗೆ ಏರಿಸಿಕೊಂಡು ಎದ್ದರು. ಬಾಗಿಲವರೆಗೆ ಹೋದವರು ಏನೋ ಯೋಚನೆ ಮಾಡಿ ವಾಪಸ್ ಬಂದರು. ಸೆಕ್ರೆಟರಿ ಕಿವಿ ಹತ್ತಿರ ಬಗ್ಗಿ, ಗುಟ್ಟಾಗಿ ಕೇಳಬೇಕು ಅಂತಲೇ ಕೇಳಿದರು. ಆದ್ರೆ ಹೊಲದಲ್ಲಿ ಎತ್ತುಗಳನ್ನ ಕೂಗಿ ರೂಢಿಯಾದ ಗಂಟಲು, ಕೊನೇ ಬೆಂಚಿನಿಂದ ಕಾಂಪೌಂಡಿನವರೆಗೂ ಕೇಳಿಸಿತು.

"ಅಲ್ಲಾ ಸೆಕ್ರೆಟ್ರಿಗಳೇ, ನಮ್ಮನೆಯೋಳು ಡೈರಿಗೆ ಹಾಲಾಕಕ್ಕೆ ವೋದ್ ಮ್ಯಾಕೆ ನಾನೂ ಬಾಗ್ಲಾಕ್ಕೊಂಡು ಮುದ್ದೆ ತಿರುವ್ತೀನಿ. ಮೂರು ವರ್ಸ ಆಯ್ತು, ದಿನಾ ಗಂಟಾಯ್ತಾ ಅದೆ. ಇಟ್ಟು ಯಾವಾಗ ಉಯ್ಬೇಕು, ಒಸಿ ಏಳ್ಕೊಡಿ."